ನಸುಕಿನ ಮೂರಕ್ಕೆ ಮಾಯವಾಗುವ ಅಂಕಿಗಳು: ಅದಲುಬದಲು, ಮೀಟರ್, ಲ್ಯಾಪ್‌ಟಾಪ್

ಚಿಕ್ಕಬಳ್ಳಾಪುರದ ಪಕ್ಕದ ನಮ್ಮ ದ್ರಾಕ್ಷಿ ಚಪ್ಪರದ ಕೆಳಗೆ ಆರು ಸೆನ್ಸರ್‌ಗಳಿವೆ. ನಾಲ್ಕು ಮಣ್ಣಿನ ತೇವ ನೋಡುತ್ತವೆ, ಐದನೆಯದು ಗಾಳಿಯ ಬಿಸಿ ಮತ್ತು ತೇವ, ಕೊನೆಯ ಸಾಲಿನ ಆರನೆಯದು ಎಲೆಯ ಮೇಲಿನ ಪಸೆ. ಸೋಲಾರ್ ಬ್ಯಾಟರಿಯಿಂದ ನಡೆಯುವ, ಸೆನ್ಸರ್‌ಗಳ ಅಂಕಿ ಕೇಳಿ ಪಡೆಯುವ ಪಂಪ್‌ಮನೆಯ ಪೆಟ್ಟಿಗೆಯಿಂದ ಹೊರಟ ನಾಲ್ಕೆಳೆಯ ಒಂದೇ ಕೇಬಲ್ ಸುಮಾರು 250 ಮೀಟರ್ ಓಡುತ್ತದೆ. ಎರಡು ಎಳೆ 12 ವೋಲ್ಟ್‌ಗೆ, ಎರಡು ಎಳೆ ಮಾತುಕತೆಗೆ.

ಅಕ್ಟೋಬರ್ ಕೊನೆಯಲ್ಲಿ ನಾಲ್ಕು, ಐದು, ಆರನೆಯ ಸೆನ್ಸರ್‌ಗಳ ಅಂಕಿಗಳು ನಸುಕಿನಲ್ಲಿ ಕಾಣೆಯಾಗತೊಡಗಿದವು. ಬಿಸಿಲೇರಿದರೆ ಮತ್ತೆ ಹಾಜರು. ಬೂಜು ತುಪ್ಪಟ ರೋಗಕ್ಕೆ ಔಷಧ ಹೊಡೆಯಬೇಕೋ ಬೇಡವೋ ಎಂದು ಹೇಳುವುದೇ ಎಲೆ ಎಷ್ಟು ಹೊತ್ತು ಒದ್ದೆಯಾಗಿತ್ತು ಎಂಬ ಲೆಕ್ಕ. ಇಬ್ಬನಿ ಬೀಳುವ ಹೊತ್ತಿನ ಅಂಕಿಯೇ ಇಲ್ಲವಾದರೆ ಮಿಕ್ಕ ಹಗಲಿನದ್ದು ಯಾರಿಗೆ ಬೇಕು?

ಉಪಕರಣ ಮಾರಿದವರು ಫೋನಿನಲ್ಲಿ ಕೊಟ್ಟ ಉಪಾಯ ಅದಲುಬದಲು: ಒಂದೊಂದೇ ಸೆನ್ಸರ್ ತೆಗೆದು ಹೊಸದನ್ನು ಹಾಕಿ ನೋಡುವುದು. ಐದು ಸಾವಿರದ ಚಿಲ್ಲರೆ ಕೊಟ್ಟು ನಾಲ್ಕನೆಯದನ್ನು ಬದಲಿಸಿದೆ. ಆ ರಾತ್ರಿಯೂ ಅದೇ ಕಥೆ. ಬೆಳಿಗ್ಗೆ ನೋಡಿದರೆ ಹೊಸ ಸೆನ್ಸರ್‌ನೊಳಗೆ ಎರಡು ಪಿನ್ ಕೂಡಿಸುವ ಒಂದು ಪುಟ್ಟ ತುಣುಕು, ಜಂಪರ್, ಹಾಕಿಯೇ ಬಂದಿತ್ತು. ಹಾಗೆಂದರೆ ತಂತಿಯ ಎರಡು ತುದಿಗೆ ಮಾತ್ರ ಇರಬೇಕಾದ ರೆಸಿಸ್ಟರ್, ಅಂದರೆ ಟರ್ಮಿನೇಟರ್, ಸಾಲಿನ ನಡುವೆ ಮೂರನೆಯದಾಗಿ ಕೂತಿತ್ತು. ಒಂದು ದೋಷ ಹುಡುಕಲು ಹೋಗಿ ನಾನೇ ಇನ್ನೊಂದನ್ನು ಕೂಡಿಸಿದ್ದೆ. ದಾರಿಯಲ್ಲಿ ಒಂದೇ ಸೆನ್ಸರ್ ಕೈಕೊಟ್ಟಿದ್ದರೆ ಈ ವಿಧಾನ ಸರಿ. ಮೂರು ಒಟ್ಟಿಗೆ ಮಲಗಿದರೆ ಇದು ಹಣ ಕಳೆಯುವ ದಾರಿ.

ಆ ಜಂಪರ್ ನನ್ನ ಕಣ್ಣಿಗೆ ಬಿದ್ದದ್ದು ಭಾವಮೈದನ ದೆಸೆಯಿಂದ. ಅವನು ಗೋವಾದಲ್ಲಿ ಹಾಯಿದೋಣಿಗಳ ವಿದ್ಯುತ್ ಕೆಲಸ ಮಾಡುತ್ತಾನೆ. ಗಾಳಿಯ ವೇಗ, ನೀರಿನ ಆಳ, ಜಿಪಿಎಸ್ ಎಲ್ಲವನ್ನೂ ಪೋಣಿಸುವ ಅಲ್ಲಿನ ಎನ್‌ಎಂಇಎ 2000 ತಂತಿಯ ಭಾಷೆ ಬೇರೆ, ನಮ್ಮ ಆರ್‌ಎಸ್-485 ತಂತಿಯ ಭಾಷೆ ಬೇರೆ. ಮೈಕಟ್ಟು ಮಾತ್ರ ಒಂದೇ. ಎರಡರಲ್ಲೂ ತಂತಿಯ ಎರಡು ತುದಿಗೆ 120 ಓಮ್‌ನ ಒಂದೊಂದು ರೆಸಿಸ್ಟರ್ ಕೂರಬೇಕು. “ಭಾವ, ಮೊದಲು ಕರೆಂಟ್ ತೆಗೆದು, ಮಾತಿನ ಎರಡು ಎಳೆಗಳ ನಡುವೆ ಓಮ್ ಅಳೆಯಿರಿ. ಅರವತ್ತರ ಆಸುಪಾಸು ಬಂದರೆ ಸರಿ. ನೂರಿಪ್ಪತ್ತು ಬಂದರೆ ಒಂದು ತುದಿ ಬಿಟ್ಟಿದೆ. ನಲವತ್ತು ಬಂದರೆ ಒಂದು ಹೆಚ್ಚಾಗಿದೆ,” ಎಂದ. ನನಗೆ ಬಂದದ್ದು 40. ಜಂಪರ್ ಕಿತ್ತ ಮೇಲೆ 60.

ವೋಲ್ಟ್, ಓಮ್ ಅಳೆಯುವ ಏಳುನೂರು ರೂಪಾಯಿಯ ಮೀಟರ್ ಐದು ನಿಮಿಷದಲ್ಲಿ ಇಷ್ಟು ಹೇಳಿತು. ಆದರೆ ಅದಕ್ಕೊಂದು ದೊಡ್ಡ ಕೊರತೆ: ನೀವು ಹಿಡಿದ ಕ್ಷಣದ ಮಾತು ಮಾತ್ರ ಅದಕ್ಕೆ ಗೊತ್ತು. ಮಧ್ಯಾಹ್ನ ಹನ್ನೆರಡಕ್ಕೆ ಪೆಟ್ಟಿಗೆಯಲ್ಲಿ 13.4 ವೋಲ್ಟ್, ಕೊನೆಯ ಸೆನ್ಸರ್‌ನಲ್ಲಿ 10.3. ಸೆನ್ಸರ್‌ನ ಬೆನ್ನ ಮೇಲೆ 9ರಿಂದ 24 ವೋಲ್ಟ್ ಎಂದು ಬರೆದಿದೆ. ಮೂರು ವೋಲ್ಟ್ ದಾರಿಯಲ್ಲೇ ಕರಗಿದ್ದನ್ನು ನೋಡಿಯೂ ‘ನಡೆಯುತ್ತದೆ ಬಿಡು’ ಎಂದುಕೊಂಡು ಊಟಕ್ಕೆ ಹೋದವನು ನಾನೇ.

ಮೂರನೆಯ ಉಪಾಯ ಲ್ಯಾಪ್‌ಟಾಪ್. ನಾನೂರು ರೂಪಾಯಿಯ ಯುಎಸ್‌ಬಿ ಕನ್ವರ್ಟರ್ ಹಾಕಿ, ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಲ್ಯಾಪ್‌ಟಾಪ್‌ನಿಂದಲೇ ನಿಮಿಷಕ್ಕೊಮ್ಮೆ ಆರೂ ಸೆನ್ಸರ್‌ಗಳನ್ನು ಕೇಳಿಸಿದೆ. ಪೆಟ್ಟಿಗೆಯನ್ನು ಬಿಡಿಸಲೇಬೇಕು, ನಮ್ಮ ತಂತಿಯ ಭಾಷೆಯಾದ ಮಾಡ್‌ಬಸ್‌ನಲ್ಲಿ ಕೇಳುವವನು ಒಬ್ಬನೇ ಇರಬೇಕು, ಇಬ್ಬರು ಕೇಳಿದರೆ ಗದ್ದಲ. ದೋಣಿಯಲ್ಲಿ ಹಾಗಲ್ಲ, ಅಲ್ಲಿ ಪ್ರತಿ ಉಪಕರಣವೂ ಸರದಿ ನೋಡಿಕೊಂಡು ತಾನಾಗಿ ಮಾತಾಡುತ್ತದೆ, ಸುಮ್ಮನೆ ಕಿವಿಗೊಟ್ಟರೆ ಸಾಕು.

ಒಂದು ರಾತ್ರಿಯ ದಾಖಲೆ ಓದಿದಾಗ ಕಣ್ಣು ತೆರೆಯಿತು. ತಪ್ಪುಗಳಲ್ಲಿ ಎರಡು ಜಾತಿ. ಒಂದು, ಉತ್ತರ ಬಂದಿದೆ, ಆದರೆ ಅದರ ಕೊನೆಯ ತಾಳೆ ಅಂಕಿ (ಸಿಆರ್‌ಸಿ) ತಾಳೆಯಾಗಿಲ್ಲ, ಅಂದರೆ ದಾರಿಯಲ್ಲಿ ಕೆಟ್ಟಿದೆ. ಇನ್ನೊಂದು, ಉತ್ತರವೇ ಇಲ್ಲ. ಕೆಟ್ಟ ಉತ್ತರಗಳು ಬೆರಳೆಣಿಕೆಯಷ್ಟು, ಅವೂ ರಾತ್ರಿ ಹತ್ತಕ್ಕೆ ತ್ರೀ ಫೇಸ್ ಬಂದು ಮೋಟಾರ್ ಶುರುವಾದ ಗಳಿಗೆಯವು. ನಮ್ಮ ಕೇಬಲ್ ಮೋಟಾರಿನ ಕೇಬಲ್‌ಗೆ ಅಂಟಿಕೊಂಡೇ ಹೋಗಿದೆ. ಮೌನದ ಕಥೆ ಬೇರೆ. 2.50ಕ್ಕೆ ಆರನೆಯದು ನಿಂತಿತು, 3.20ಕ್ಕೆ ಐದನೆಯದು, ನಾಲ್ಕಕ್ಕೆ ಮುಂಚೆ ನಾಲ್ಕನೆಯದು. ದೂರದ್ದು ಮೊದಲು, ಹತ್ತಿರದ್ದು ಆಮೇಲೆ. ಮಾತಿನ ಎಳೆ ಕೆಟ್ಟಿದ್ದರೆ ಹೀಗೆ ಸಾಲಾಗಿ ಮಲಗುತ್ತಿರಲಿಲ್ಲ. ಇದು ಹಸಿವಿನ, ಅಂದರೆ ವೋಲ್ಟ್ ಸಾಲದ, ಲಕ್ಷಣ.

ಮರುದಿನ ನಸುಕಿಗೆ ಟಾರ್ಚ್ ಹಿಡಿದು ಮೀಟರ್ ಸಮೇತ ಚಪ್ಪರದ ಕೆಳಗೆ ನಡೆದೆ. ಪೆಟ್ಟಿಗೆಯಲ್ಲಿ ಬ್ಯಾಟರಿ 12.1ಕ್ಕೆ ಇಳಿದಿತ್ತು. ಮೂರನೆಯ ಸೆನ್ಸರ್ ಬಳಿ 11.9. ನಾಲ್ಕನೆಯದರ ಬಳಿ 8.9. ನಡುವೆ ಇದ್ದದ್ದು ಕಲ್ಲುಕಂಬಕ್ಕೆ ಕಟ್ಟಿದ ಒಂದು ಜಾಯಿಂಟ್ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಇಬ್ಬನಿಯ ಹನಿಗಳು, ತಾಮ್ರದ ತುದಿಗೆ ಹಳೆಯ ದೇವರ ಚೊಂಬಿನ ಹಾಗೆ ಹಸಿರು ಕಿಲುಬು. ಕೇಬಲ್ ಬಾಯಿ ಮೇಲ್ಮುಖವಾಗಿತ್ತು, ನೀರು ಇಳಿಯಲು ಕಾಲುವೆ ತೋಡಿಕೊಟ್ಟಂತೆ. ಹಗಲು ಸೋಲಾರ್ ಕೊಡುವ ಹೆಚ್ಚಿನ ವೋಲ್ಟ್ ಈ ದೋಷವನ್ನು ಮುಚ್ಚಿಡುತ್ತಿತ್ತು. ಭಾವಮೈದನಿಗೆ ಚಿತ್ರ ಕಳಿಸಿದೆ. “ನಮ್ಮಲ್ಲಿ ಉಪ್ಪುನೀರಿಗೆ ಇದೇ ಕೆಲಸ ಬೇಗ ಆಗುತ್ತದೆ ಭಾವ,” ಎಂದು ಉತ್ತರ ಬಂತು.

ಹಾಗಾದರೆ ಯಾವುದು ಮೇಲು ಎಂದು ಕೇಳಿದರೆ, ಒಂದೇ ಕೊಳ್ಳುವ ಹಣವಿದ್ದರೆ ಮೀಟರ್ ಕೊಳ್ಳಿ. ಆದರೆ ದೋಷ ಕಾಣಿಸುವ ಹೊತ್ತಿಗೇ ಅಳೆಯಿರಿ. ದೋಷ ಬಂದು ಹೋಗಿ ಮಾಡುವುದಾದರೆ ಯಾವ ಹೊತ್ತಿಗೆ ಏಳಬೇಕು ಎಂದು ಲ್ಯಾಪ್‌ಟಾಪ್ ಹೇಳುತ್ತದೆ. ನಾನು ಅದನ್ನು ಮೊದಲೇ ಮಾಡಿದ್ದರೆ ಎರಡು ವಾರ ಉಳಿಯುತ್ತಿತ್ತು.

ತುದಿಗಳನ್ನು ಕತ್ತರಿಸಿ, ಹೊಸದಾಗಿ ಸುಲಿದು ಬೆಸುಗೆ ಹಾಕಿ, ಡಬ್ಬಿಯ ಬಾಯಿಯನ್ನು ಕೆಳಮುಖ ಮಾಡಿದೆ. ಈಗ ನಸುಕಿನಲ್ಲೂ ಕೊನೆಯ ಸೆನ್ಸರ್‌ಗೆ 11.6 ಸಿಗುತ್ತಿದೆ. ಮೋಟಾರ್ ಕೇಬಲ್‌ನಿಂದ ದೂರ ಸರಿಸುವ ಕೆಲಸ ಬಾಕಿ ಇದೆ. ಬದಲಿಸಿ ತೆಗೆದ ಹಳೆಯ ನಾಲ್ಕನೆಯ ಸೆನ್ಸರ್ ಪಂಪ್‌ಮನೆಯ ಗೂಡಿನಲ್ಲಿ ಕೂತಿದೆ. ಮೇಜಿನ ಮೇಲಿಟ್ಟು ಪರೀಕ್ಷಿಸಿದೆ, ಅದಕ್ಕೆ ಏನೂ ಆಗಿರಲಿಲ್ಲ.