‘ಹಾರ್ಟ್ ಲ್ಯಾಂಪ್’ ಸಂಕಲನ ಮತ್ತು ಅದರ ಓದುಗರು

ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ 2025ರ ಮೇ 20ರಂದು ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ, ಸಣ್ಣಕಥೆಯ ಕಡೆ ಅಷ್ಟಾಗಿ ಸುಳಿಯದವರೂ ಈ ಪುಸ್ತಕವನ್ನು ಕೈಗೆತ್ತಿಕೊಂಡಿದ್ದಾರೆ. ಹಾಗೆ ಓದಿದವರ ಬಾಯಲ್ಲಿ ನಾನು ಹೆಚ್ಚಾಗಿ ಕೇಳಿದ್ದು ಒಂದೇ ದೂರು: ದಬ್ಬಾಳಿಕೆಯ ಗಂಡ, ನಲುಗುವ ಹೆಂಡತಿ, ನ್ಯಾಯ ಕೊಡದ ಮುತವಲ್ಲಿ (ಮಸೀದಿಯ ಆಡಳಿತ ನೋಡಿಕೊಳ್ಳುವವನು) ಮತ್ತೆ ಮತ್ತೆ ಎದುರಾಗುತ್ತಾರೆ, ನಾಲ್ಕೈದು ಕಥೆಗಳಾಗುವಷ್ಟರಲ್ಲಿ ಮುಂದಿನದು ಊಹೆಗೆ ಸಿಕ್ಕಿಬಿಡುತ್ತದೆ.

ದೂರಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ, ಏಕೆಂದರೆ ಎರಡೇ ದಿನದಲ್ಲಿ ಪುಸ್ತಕ ಮುಗಿಸಿದಾಗ ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಇವು 1990ರಿಂದ 2023ರವರೆಗಿನ ಮೂರು ದಶಕಗಳಲ್ಲಿ ಬಿಡಿಬಿಡಿಯಾಗಿ ಬರೆದ ಕಥೆಗಳು. ಒಂದೇ ಗುಕ್ಕಿನಲ್ಲಿ ಓದಿಸಿಕೊಳ್ಳಲೆಂದು ಹುಟ್ಟಿದವಲ್ಲ. ಎರಡನೆಯ ಸಲ ವಾರಕ್ಕೊಂದರಂತೆ ಓದಿದಾಗ ಒಂದೊಂದು ಕಥೆಯ ಚಹರೆಯೂ ಬೇರೆಯಾಗಿ ಕಂಡಿತು.

ಹಜ್‌ಗೆ ಹೊರಟ ಸಿರಿವಂತೆ ಶಾಜಿಯಾಳ ಕೈಗೆ ಬಡ ವಿಧವೆ ಯಾಸೀನ್ ಬುವಾ ತಾನು ಕೂಡಿಟ್ಟ ಹಣವನ್ನು ಕೊಟ್ಟು, ಮೆಕ್ಕಾದ ಪವಿತ್ರ ಜಮ್‌ಜಮ್ ನೀರಿನಲ್ಲಿ ಅದ್ದಿದ ಕಫನ್, ಅಂದರೆ ಶವಕ್ಕೆ ಹೊದಿಸುವ ಬಟ್ಟೆ, ತರಲು ಬೇಡಿಕೊಳ್ಳುವ ಕಥೆಯನ್ನೇ ನೋಡಿ. ಶಾಜಿಯಾ ತನ್ನ ಖರೀದಿಯ ಸಡಗರದಲ್ಲಿ ಅದನ್ನು ಮರೆಯುತ್ತಾಳೆ. ಬುವಾ ತೀರಿಕೊಂಡಾಗ ಆ ಬಟ್ಟೆಯನ್ನು ಕೇಳಿಕೊಂಡು ಮಗ ಬರುತ್ತಾನೆ. ಇಲ್ಲಿ ದಬ್ಬಾಳಿಕೆಯ ಗಂಡನಿಲ್ಲ. ಹೆಣ್ಣೊಬ್ಬಳು ಇನ್ನೊಬ್ಬ ಹೆಣ್ಣಿಗೆ ಮಾಡಿದ ಸಣ್ಣ ಅಸಡ್ಡೆ ತೀರಿಸಲಾಗದ ಸಾಲವಾಗಿ ನಿಲ್ಲುತ್ತದೆ.

ಬರೀ ಗೋಳು ಎನ್ನುವವರು ಬೀ ದಾದಿಯ ಕಥೆಯನ್ನು ಇನ್ನೊಮ್ಮೆ ಓದಬೇಕು. ಎಳವೆಯಲ್ಲೇ ವಿಧವೆಯಾದ ಆಕೆಯ ಜಾನಮಾಜಿನಿಂದ (ನಮಾಜಿನ ಚಾಪೆಯಿಂದ) ಮನೆಯ ಹುಡುಗ ಬೈಕ್ ಒರೆಸಿದ ದಿನದಿಂದ ಮುದುಕಿ ಮಂಕಾಗುತ್ತಾಳೆ. ಕೊನೆಗೆ ಮಕ್ಕಳು ಸ್ವರ್ಗದ ಪಾನೀಯವೆಂದು ಕುಡಿಸುವ ಪೆಪ್ಸಿಯಲ್ಲಿ ಆಕೆಗೆ ನೆಮ್ಮದಿ ಸಿಗುತ್ತದೆ. ನಗು ಬರುತ್ತದೆ, ನಕ್ಕದ್ದಕ್ಕೆ ಸಂಕಟವೂ ಆಗುತ್ತದೆ.

ನನ್ನ ತಕರಾರು ಬೇರೆಯದು. ಕೆಲವು ಕಥೆಗಳ ಕೊನೆ ಅವಸರದ್ದು. ‘ಬೆಂಕಿ ಮಳೆ’ಯಲ್ಲಿ ತಂಗಿಗೆ ಆಸ್ತಿಯ ಪಾಲು ಕೊಡದ ಮುತವಲ್ಲಿಯ ಸಣ್ಣತನ ಹೆಜ್ಜೆಹೆಜ್ಜೆಗೂ ಬಿಚ್ಚಿಕೊಳ್ಳುವ ರೀತಿ ಸೊಗಸಾಗಿದೆ, ಮಗನ ಕಾಯಿಲೆ ಮಾತ್ರ ವಿಧಿ ಕೊಟ್ಟ ಶಿಕ್ಷೆಯಂತೆ ಬಂದು ಕಥೆಯ ಬಿಗಿಯನ್ನು ಸಡಿಲಿಸುತ್ತದೆ. ಇದಕ್ಕೆ ಎದುರಾಗಿ ‘ಎದೆಯ ಹಣತೆ’ಯ ಕೊನೆಯನ್ನು ಇಡಬಹುದು. ಗಂಡ ಬೇರೊಬ್ಬಳ ಹಿಂದೆ ಹೋಗಿದ್ದಾನೆ, ತವರಿನವರು ಮರಳಿ ಕಳಿಸಿದ್ದಾರೆ, ಮೆಹರುನ್ ಸೀಮೆಎಣ್ಣೆ ಸುರಿದುಕೊಂಡಿದ್ದಾಳೆ. ಆಗ ಮಗಳು ಸಲ್ಮಾ ಅವಳ ಕಾಲನ್ನು ತಬ್ಬಿಕೊಳ್ಳುತ್ತಾಳೆ. ಈ ಪುಟದಿಂದಾಚೆ ಅಂದು ನನಗೆ ಓದಲಾಗಲಿಲ್ಲ.

ಅನುವಾದದ ಬಗ್ಗೆಯೂ ಓದುಗರಲ್ಲಿ ಒಮ್ಮತವಿಲ್ಲ. ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಓರೆ ಅಕ್ಷರದಲ್ಲಿ ಅಚ್ಚುಮಾಡದೆ, ಅಡಿಟಿಪ್ಪಣಿ ಕೊಡದೆ ಹಾಗೆಯೇ ಉಳಿಸಿಕೊಂಡದ್ದು ಹಲವರಿಗೆ ತೊಡಕೆನಿಸಿದೆ. ನನಗೆ ಅದೇ ಈ ಪುಸ್ತಕದ ದೊಡ್ಡ ಸಂತೋಷ, ಏಕೆಂದರೆ ಇಂಗ್ಲಿಷ್ ಸಾಲುಗಳ ನಡುವೆ ನಮ್ಮ ಮನೆಮಾತಿನ ಏರಿಳಿತ ಕಿವಿಗೆ ಬೀಳುತ್ತದೆ. ಕನ್ನಡ ಬಲ್ಲವರು ‘ಒಮ್ಮೆ ಹೆಣ್ಣಾಗು ಪ್ರಭುವೇ’ ಕಥೆಯನ್ನಾದರೂ ಮೂಲದೊಂದಿಗೆ ಪಕ್ಕಪಕ್ಕದಲ್ಲಿಟ್ಟುಕೊಂಡು, ಸಾಧ್ಯವಾದರೆ ಗಟ್ಟಿಯಾಗಿ, ಓದಬೇಕೆಂದು ಕೇಳಿಕೊಳ್ಳುತ್ತೇನೆ.