ಮೆಟ್ರೋದಲ್ಲಿ ಓದಲು ಯಾವ ಪುಸ್ತಕ? ಆರು ಕನ್ನಡ ಪುಸ್ತಕಗಳನ್ನು ಓದಿ ನೋಡಿದೆ

ವಿಜಯನಗರದಲ್ಲಿ ಮೆಟ್ರೋ ಹತ್ತಿ ಕುಂದಲಹಳ್ಳಿಯಲ್ಲಿ ಇಳಿಯಲು ಹೆಚ್ಚುಕಮ್ಮಿ ಒಂದು ಗಂಟೆ ಹಿಡಿಯುತ್ತದೆ. ಸಂಜೆ ಮತ್ತೆ ಅಷ್ಟೇ ಹೊತ್ತು. ಆ ಹೊತ್ತಿನಲ್ಲಿ ಸುಮ್ನೆ ಮೊಬೈಲ್ ನೋಡುವ ಬದಲು ಪುಸ್ತಕ ಓದೋಣ ಅಂತ ಶುರು ಮಾಡಿದೆ. ಕಾದಂಬರಿ, ನೀಳ್ಗತೆ, ಆತ್ಮಕಥೆ, ಗಿಡಮರಗಳ ಪುಸ್ತಕ, ಎಲ್ಲವನ್ನೂ ಬೆರೆಸಿ ಓದಿದೆ.

ಮನೆಯಲ್ಲಿ ಕೂತು ಓದುವುದೇ ಬೇರೆ, ಇದೇ ಬೇರೆ. ಮೆಜೆಸ್ಟಿಕ್‌ನಲ್ಲಿ ಜನ ನುಗ್ಗಿದರೆ ಪುಟದ ಮಧ್ಯದಲ್ಲೇ ಪುಸ್ತಕ ಮುಚ್ಚಬೇಕು. ಒಂದು ಕೈ ಕಂಬಿಯ ಮೇಲೆ, ಒಂದು ಕೈಯಲ್ಲಿ ಪುಸ್ತಕ. ಪಕ್ಕದವರು ಸ್ಪೀಕರ್ ಹಾಕಿಕೊಂಡು ರೀಲ್ಸ್ ನೋಡುತ್ತಿರುತ್ತಾರೆ. ಹಾಗಾಗಿ ಪುಸ್ತಕ ಚೆನ್ನಾಗಿದೆಯಾ ಅನ್ನುವುದರ ಜೊತೆಗೆ ನನಗೆ ಇನ್ನೊಂದು ಪ್ರಶ್ನೆ ಮುಖ್ಯವಾಯಿತು. ಎಲ್ಲೆಂದರಲ್ಲಿ ನಿಲ್ಲಿಸಿ, ಸಂಜೆ ಮತ್ತೆ ತೆಗೆದರೆ ಈ ಪುಸ್ತಕ ಕೆಡುತ್ತದಾ? ಇದಕ್ಕೆ ಸಿಕ್ಕ ಉತ್ತರಕ್ಕೂ ಪುಸ್ತಕದ ದಪ್ಪಕ್ಕೂ ಏನೇನೂ ಸಂಬಂಧ ಇರಲಿಲ್ಲ.

ಮೊದಲು ಬ್ಯಾಗಿಗೆ ಹಾಕಿಕೊಂಡದ್ದು ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಚಿಕ್ಕ ಕತೆ, ಎರಡು ದಿನದಲ್ಲಿ ಮುಗಿಯುತ್ತದೆ ಅನ್ನುವುದು ಲೆಕ್ಕ. ಕಾಫಿ ಹೌಸಿನಲ್ಲಿ ಕೂತವನೊಬ್ಬ ತನ್ನ ಮನೆಯ ಕತೆ ಹೇಳುತ್ತಾನೆ. ಹಿಂದೆ ಇಕ್ಕಟ್ಟಿನ ಮನೆ, ಇರುವೆಗಳ ಕಾಟ, ಅಪ್ಪನ ಸಂಬಳದಲ್ಲಿ ಅಳೆದು ತೂಗಿ ಖರ್ಚು. ಆಮೇಲೆ ಚಿಕ್ಕಪ್ಪ ಸೋನಾ ಮಸಾಲಾ ಅನ್ನುವ ವ್ಯಾಪಾರ ಶುರು ಮಾಡುತ್ತಾನೆ. ದುಡ್ಡು ಬರುತ್ತದೆ, ದೊಡ್ಡ ಮನೆ ಬರುತ್ತದೆ, ಸೊಸೆ ಅನಿತಾ ಬರುತ್ತಾಳೆ. ಇಷ್ಟೇ ಕೇಳಿದರೆ ಏನೂ ಕಷ್ಟವಿಲ್ಲ ಅನಿಸುತ್ತದೆ ಅಲ್ವಾ? ಆದರೆ ಈ ಕತೆಯಲ್ಲಿ ಮುಖ್ಯವಾದದ್ದನ್ನೆಲ್ಲ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಊಟದ ಮೇಜಿನ ಸುತ್ತ ಯಾರು ಯಾರ ಪರ ಮಾತಾಡುತ್ತಾರೆ, ಯಾರು ಸುಮ್ಮನಾಗುತ್ತಾರೆ ಅನ್ನುವುದರಲ್ಲೇ ಭಯ ಇದೆ. ನಾನಂತೂ ಪ್ರತಿ ಸಲ ಪುಸ್ತಕ ತೆಗೆದಾಗಲೂ ಹಿಂದಿನ ನಾಲ್ಕು ಪುಟ ಮತ್ತೆ ಓದಬೇಕಾಯಿತು. ಆ ಬಿಗಿ ಮತ್ತೆ ಹಿಡಿತಕ್ಕೆ ಸಿಗುವಷ್ಟರಲ್ಲಿ ಇಂದಿರಾನಗರ ಬಂದಿರುತ್ತಿತ್ತು. ಕೊನೆಗೆ ಒಂದು ಭಾನುವಾರ ಮನೆಯಲ್ಲಿ ಮೊದಲಿಂದ ಹಿಡಿದು ಕೂತ ಕಡೆಯೇ ಒಂದೇ ಸಲಕ್ಕೆ ಮುಗಿಸಿದೆ. ಆಗ ಕೊನೆಯ ಪುಟಗಳು ಏನು ಮಾಡುತ್ತಿವೆ ಅಂತ ಗೊತ್ತಾಯಿತು. ಈ ಆರರಲ್ಲಿ ಬರವಣಿಗೆಯ ಕಸುಬು ನೋಡಿದರೆ ಇದಕ್ಕೇ ನನ್ನ ಮೊದಲ ಅಂಕ. ಪ್ರಯಾಣಕ್ಕೆ ಮಾತ್ರ ಬೇಡವೇ ಬೇಡ.

ಇದಕ್ಕೆ ಪೂರ್ತಿ ಉಲ್ಟಾ ಆಗಿದ್ದು ವಸುಧೇಂದ್ರರ ‘ತೇಜೋ-ತುಂಗಭದ್ರಾ’. 2019ರಲ್ಲಿ ಬಂದ ಕಾದಂಬರಿ, ನಾನೂರು ಪುಟ ದಾಟುತ್ತದೆ. ಇದನ್ನು ನಿಂತುಕೊಂಡು ಒಂದೇ ಕೈಯಲ್ಲಿ ಹಿಡಿದರೆ ಹೆಬ್ಬೆರಳು ನೋಯುತ್ತದೆ, ಉತ್ಪ್ರೇಕ್ಷೆ ಅಲ್ಲ. ಆದರೂ ಓಡಿದ್ದೇ ಗೊತ್ತಾಗಲಿಲ್ಲ. ಒಂದು ಕಡೆ ತೇಜೋ ನದಿಯ ದಡದ ಲಿಸ್ಬನ್. ಅಲ್ಲಿ ಬಡ ಹುಡುಗ ಗೇಬ್ರಿಯಲ್, ಅವನು ಪ್ರೀತಿಸುವ ಯಹೂದಿ ಹುಡುಗಿ ಬೆಲ್ಲಾ, ಅವಳ ಜನಕ್ಕೆ ಆಗುತ್ತಿರುವ ಹಿಂಸೆ. ಇನ್ನೊಂದು ಕಡೆ ತುಂಗಭದ್ರೆಯ ದಡದ ವಿಜಯನಗರ, ಹಂಪಮ್ಮ, ಕೇಶವ. ಕತೆ ಒಂದು ನದಿಯಿಂದ ಇನ್ನೊಂದಕ್ಕೆ ಹೋಗಿ ಬರುತ್ತಿರುತ್ತದೆ. ಎರಡು ದಿನ ಪುಸ್ತಕ ಮುಟ್ಟದಿದ್ದರೂ ಗೇಬ್ರಿಯಲ್ ಎಲ್ಲಿದ್ದ, ಹಂಪಮ್ಮ ಏನು ಮಾಡುತ್ತಿದ್ದಳು ಅಂತ ಮರೆಯುವುದಿಲ್ಲ. ಏಕೆಂದರೆ ಹೆಜ್ಜೆ ಹೆಜ್ಜೆಗೂ ಏನೋ ಒಂದು ನಡೆಯುತ್ತದೆ.

1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ, 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಆ ಹಡಗು ಹತ್ತಿದವರಿಗೆ ಏನು ಆಸೆ ಇತ್ತು, ಊರಲ್ಲಿ ಯಾರನ್ನು ಬಿಟ್ಟು ಬಂದಿದ್ದರು ಅಂತ ಯಾವ ಪಾಠದಲ್ಲೂ ಇರಲಿಲ್ಲ. ಈ ಕಾದಂಬರಿ ನನಗೆ ಕೊಟ್ಟಿದ್ದು ಅದು. ವಿಜಯನಗರ ಅಂದರೆ ಬೀದಿಯಲ್ಲಿ ಮುತ್ತು ರತ್ನ ಅಳೆಯುತ್ತಿದ್ದರು ಅನ್ನುವ ಚಿತ್ರವನ್ನೂ ಇದು ಸುಮ್ಮನೆ ಬಿಡುವುದಿಲ್ಲ. ಸಹಗಮನ ಇದೆ, ದೊರೆಗಾಗಿ ಪ್ರಾಣ ಕೊಡುವ ಲೆಂಕರ ಪದ್ಧತಿ ಇದೆ. ಆ ಭಾಗಗಳನ್ನು ಓದಿದ ದಿನ ಆಫೀಸಿನಲ್ಲಿ ಕೆಲಸಕ್ಕೆ ಮನಸ್ಸೇ ಕೂರಲಿಲ್ಲ. ತಕರಾರು ಇಲ್ಲವಾ? ಇದೆ. ಲೇಖಕರು ಕಲೆಹಾಕಿದ ಮಾಹಿತಿ ಕೆಲವು ಕಡೆ ಪಾತ್ರಗಳ ಬಾಯಿಂದ ಜಾಸ್ತಿಯೇ ಉದುರುತ್ತದೆ. ಕೆಲವು ತಿರುವುಗಳು ಕತೆಗೆ ಬೇಕು ಅಂತಲೇ ಬಂದ ಹಾಗಿವೆ. ಭಾನುವಾರ ಮನೆಯಲ್ಲಿ ಓದಿದ್ದರೆ ಇವು ಇನ್ನೂ ಕಣ್ಣಿಗೆ ಹೊಡೆಯುತ್ತಿದ್ದವೇನೋ. ರೈಲಿನಲ್ಲಿ ಅದೇ ತಿರುವುಗಳು ನನ್ನನ್ನು ಎಳೆದುಕೊಂಡು ಹೋದವು.

ಇನ್ನು ಕಾಡಿನ ಪುಸ್ತಕಗಳು ಎರಡು. ಇವನ್ನು ಬೇಕೆಂದೇ ಒಂದರ ಹಿಂದೆ ಒಂದು ಓದಿದೆ. ತೇಜಸ್ವಿಯವರ ‘ಕರ್ವಾಲೋ’ 1980ರದ್ದು, ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಅದಕ್ಕಿಂತ ಸ್ವಲ್ಪ ಹಿಂದಿನದು. ಎರಡೂ ಪಶ್ಚಿಮಘಟ್ಟದವು, ಎರಡರಲ್ಲೂ ವಿಜ್ಞಾನ ಇದೆ, ಎರಡರಲ್ಲೂ ನಗು ಇದೆ. ಆದರೆ ನಗುವಿನ ಜಾತಿ ಬೇರೆ ಬೇರೆ.

‘ಕರ್ವಾಲೋ’ದಲ್ಲಿ ನಗು ಮನುಷ್ಯರದ್ದು. ಜೇನು ಹುಡುಕುವ ಮಂದಣ್ಣನನ್ನು ಊರವರು ದಡ್ಡ ಅಂದುಕೊಂಡಿದ್ದಾರೆ. ವಿಜ್ಞಾನಿ ಕರ್ವಾಲೋ ಮಾತ್ರ ಅವನನ್ನು ಸರಿಸಮನಾಗಿ ಕೂರಿಸಿಕೊಂಡು ಮಾತಾಡುತ್ತಾರೆ. ಮಂದಣ್ಣನ ಮದುವೆ ಚಿಂತೆ, ಬಿರಿಯಾನಿ ಕರಿಯಪ್ಪನ ಮರ ಹತ್ತುವ ಚಾಳಿ, ಕಿವಿ ಅನ್ನುವ ನಾಯಿ, ಇವೆಲ್ಲದರ ನಡುವೆ ಹಾರುವ ಓತಿಯ ಹುಡುಕಾಟ. ಶುರುವಿನ ಭಾಗವನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಎಲ್ಲರೂ ಕಾಡಿಗೆ ಹೊರಟ ಮೇಲೆ ಆಗುವುದಿಲ್ಲ. ಕುಂದಲಹಳ್ಳಿ ಬಂದಾಗ ಇಳಿಯಲು ಮನಸ್ಸೇ ಬರಲಿಲ್ಲ.

‘ಹಸುರು ಹೊನ್ನು’ ಬೇರೆ ದಾರಿ. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್ ಆಗಿದ್ದವರು. ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಕಾಡಿಗೆ ಹೋಗುತ್ತಾರೆ, ಒಂದು ಗಿಡದ ಮುಂದೆ ನಿಲ್ಲುತ್ತಾರೆ, ಅದರ ಹೂವು, ಹಣ್ಣು, ಹೆಸರು, ಹಳೆಯ ಕಾವ್ಯದಲ್ಲಿ ಅದು ಬಂದ ಜಾಗ, ಎಲ್ಲ ಹೇಳುತ್ತಾರೆ. ನಡುವೆ ವಿದ್ಯಾರ್ಥಿಗಳ ಕಾಲೆಳೆಯುತ್ತಾರೆ. ಚಿತ್ರಗಳೂ ಅವರವೇ. ಇದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಸ್ಯಶಾಸ್ತ್ರದ ಪುಸ್ತಕವೊಂದು ಆ ಪ್ರಶಸ್ತಿ ಪಡೆಯಬಹುದು ಅಂತ ಈಗ ಯಾರಾದರೂ ಹೇಳಿದರೆ ನಂಬುವುದು ಕಷ್ಟ. ಇದರಲ್ಲಿ ಮುಂದೇನಾಯಿತು ಅನ್ನುವ ಎಳೆತ ಇಲ್ಲ. ಮೆಟ್ರೋಗೆ ಬೇಕಾದದ್ದು ಅದೇ. ಒಂದು ಗಿಡ ಮುಗಿಯಿತು, ಪುಸ್ತಕ ಮುಚ್ಚಿದೆ, ಸಂಜೆ ಇನ್ನೊಂದು ಗಿಡ. ಕಬ್ಬನ್ ಪಾರ್ಕ್‌ವರೆಗೆ ಸುರಂಗ, ಎಂ.ಜಿ. ರೋಡ್ ಹತ್ತಿರ ರೈಲು ಮೇಲೆ ಬರುತ್ತದಲ್ಲ, ಅಲ್ಲಿ ತಲೆ ಎತ್ತಿ ಹೊರಗಿನ ಮರ ನೋಡುವ ಅಭ್ಯಾಸವೂ ಈ ಪುಸ್ತಕದಿಂದಲೇ ಬಂತು. ಹುಡುಗಿಯರ ಬಗ್ಗೆ ಮಾಡುವ ಕೆಲವು ತಮಾಷೆಗಳಿಗೆ ಮಾತ್ರ ವಯಸ್ಸಾಗಿದೆ. ಇವತ್ತಿನ ಕಾಲೇಜಿನಲ್ಲಿ ಯಾವ ಮೇಷ್ಟ್ರೂ ಹಾಗೆ ಮಾತಾಡಿ ದಕ್ಕಿಸಿಕೊಳ್ಳಲಾರರು.

ಎರಡರಲ್ಲಿ ಒಂದನ್ನು ಆರಿಸು ಅಂದರೆ? ಕತೆಗೆ ‘ಕರ್ವಾಲೋ’, ದಿನಾ ಬ್ಯಾಗಿನಲ್ಲಿ ಇರಲಿಕ್ಕೆ ‘ಹಸುರು ಹೊನ್ನು’.

ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದನ್ನು ರೈಲಿನಲ್ಲಿ ಓದಲು ಆಗಲೇ ಇಲ್ಲ. ಅಜ್ಜಿ ಮತ್ತು ಮೊಮ್ಮಗ ಸುಬ್ಬರಾಯ ದೇವರು, ಗಂಡು ಹೆಣ್ಣು, ಹಿಂದಿನ ಕಾಲದ ಬಗ್ಗೆ ಮಾತಾಡುತ್ತಾ ಹೋಗುತ್ತಾರೆ. ಒಂದು ಮಾತು ತಪ್ಪಿದರೆ ಮುಂದಿನದು ಹಿಡಿಯುವುದಿಲ್ಲ. ಅದಕ್ಕೆ ಬೆಳಗಿನ ಜಾವ, ಪಕ್ಕದಲ್ಲಿ ಯಾರೂ ಇಲ್ಲದ ಕುರ್ಚಿ ಬೇಕು. ರಜೆಗೆ ಎತ್ತಿಟ್ಟು, ಊರಲ್ಲಿ ಓದಿ ಮುಗಿಸಿದೆ.

ಉಳಿದದ್ದು ಸಿದ್ಧಲಿಂಗಯ್ಯನವರ ‘ಊರು ಕೇರಿ’. ಪ್ರಯಾಣದ ಪರೀಕ್ಷೆಯಲ್ಲಿ ಎಲ್ಲವನ್ನೂ ಹಿಂದೆ ಹಾಕಿದ್ದು ಇದು. ದಲಿತ ಕವಿಯ ಆತ್ಮಕಥೆ ಅಂದ ಕೂಡಲೇ ಮನಸ್ಸು ಭಾರವಾಗುತ್ತದೆ ಅಂತ ಎಷ್ಟೋ ಜನ ತೆಗೆಯುವುದೇ ಇಲ್ಲ. ನೊಗಕ್ಕೆ ಮನುಷ್ಯರು ಹೆಗಲು ಕೊಟ್ಟು ಹೊಲ ಉಳುವುದನ್ನು ಮಗು ನೋಡುತ್ತದೆ, ಅವರಲ್ಲಿ ಒಬ್ಬ ಅವನ ಅಪ್ಪ. ಇಂಥ ನೋಟ ಇಟ್ಟುಕೊಂಡೇ ಪುಸ್ತಕ ನಗಿಸುತ್ತದೆ. ಒಂದೊಂದು ಪ್ರಸಂಗವೂ ಪುಟ್ಟದು. ಮಾಗಡಿ ಕಡೆಯ ಹಳ್ಳಿ, ಬೆಂಗಳೂರಿನ ಹಾಸ್ಟೆಲ್, ಶ್ರೀರಾಮಪುರದ ಗಲ್ಲಿಗಳು, ಸ್ಮಶಾನದಲ್ಲಿ ಹೊತ್ತು ಕಳೆದದ್ದು, ಸಭೆ ಭಾಷಣಗಳು. ಎರಡು ಸ್ಟೇಷನ್ ನಡುವೆ ಒಂದು ಪ್ರಸಂಗ ಮುಗಿಯುತ್ತದೆ. ನಾನು ಒಂದು ಸಲ ಜೋರಾಗಿಯೇ ನಕ್ಕುಬಿಟ್ಟೆ. ಎದುರು ಕೂತಿದ್ದ ಹೆಂಗಸು “ಯಾವ ಪುಸ್ತಕ ಸರ್?” ಅಂತ ಕೇಳಿ ಫೋಟೋ ತೆಗೆದುಕೊಂಡರು. ನಗು ಇಳಿದ ಮೇಲೆ, ಆಫೀಸಿನ ಲಿಫ್ಟಿನಲ್ಲಿ ನಿಂತಾಗ, ನಾನು ನಕ್ಕಿದ್ದು ಹಸಿವಿನ ಕತೆಗೆ ಅಂತ ತಲೆಗೆ ಹೋಯಿತು. ಸಿಟ್ಟಿನಿಂದ ಬರೆದಿದ್ದರೆ ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲವೇನೋ.

ರಾಜಾಜಿನಗರದಿಂದ ಜಯನಗರಕ್ಕೆ ಹಸಿರು ಮಾರ್ಗದಲ್ಲಿ ಓಡಾಡುವ ಗೆಳೆಯನೊಬ್ಬ ಇದನ್ನೆಲ್ಲ ಕೇಳಿ, “ನನ್ನದು ಅರ್ಧ ಗಂಟೆಯೂ ಆಗದ ದಾರಿ, ಯಾವುದು ಕೊಡ್ತೀಯ?” ಅಂದ. ‘ಊರು ಕೇರಿ’ ಕೊಟ್ಟೆ. ಅವನ ರೈಲು ದಿನಾ ಶ್ರೀರಾಮಪುರ ಸ್ಟೇಷನ್ ದಾಟಿಯೇ ಹೋಗುತ್ತದೆ. ಎರಡು ಸಲ ಮುಗಿಸಿದ್ದಾನಂತೆ, ವಾಪಸ್ ಮಾತ್ರ ಇನ್ನೂ ಕೊಟ್ಟಿಲ್ಲ.