ಚೀನಾದ ಕಡ್ಡಿ ಅಂಕಿ: ಟೈಪ್ ಮಾಡಲು ಯಾವ ದಾರಿ ಒಳ್ಳೆಯದು?

ಹಳೇ ಚೀನಾದಲ್ಲಿ ಕಡ್ಡಿ ಜೋಡಿಸಿ ಲೆಕ್ಕ ಮಾಡುತ್ತಿದ್ದರು. ಬಿಡಿ ಸ್ಥಾನಕ್ಕೆ ಕಡ್ಡಿ ನೆಟ್ಟಗೆ, ಹತ್ತರ ಸ್ಥಾನಕ್ಕೆ ಅಡ್ಡ, ನೂರಕ್ಕೆ ಮತ್ತೆ ನೆಟ್ಟಗೆ, ಸಾವಿರಕ್ಕೆ ಅಡ್ಡ. ಪಕ್ಕದ ಅಂಕಿಗಳು ಒಂದಕ್ಕೊಂದು ಬೆರೆಯಬಾರದಲ್ವಾ, ಅದಕ್ಕೆ ಈ ಏರ್ಪಾಡು. ನಾನು ಬರೆಯುತ್ತಿದ್ದ ಗಣಿತದ ಇತಿಹಾಸದ ಟಿಪ್ಪಣಿಗೆ ಈ ಅಂಕಿಗಳೇ ಬೇಕಿತ್ತು. ಚೀನೀ ಗಣಿತಜ್ಞ ಚಿನ್ ಜಿಯುಶಾವೊ ತನ್ನ ಗಣಿತದ ಪುಸ್ತಕ ಬರೆದ ವರ್ಷ 1247. ಅದನ್ನೇ ಮೂರು ರೀತಿ ಟೈಪ್ ಮಾಡಿ ನೋಡಿದೆ.

ಕೀಬೋರ್ಡಿನ ನೆಟ್ಟ ಗೀಟು, ಅಡ್ಡ ಗೀಟುಗಳಲ್ಲಿ 1 ಮತ್ತು 2 ಸುಲಭ. 7ಕ್ಕೆ ಮೇಲೊಂದು ಅಡ್ಡ ಕಡ್ಡಿ, ಕೆಳಗೆ ಎರಡು ನೆಟ್ಟ ಕಡ್ಡಿ. ಒಂದೇ ಸಾಲಿನಲ್ಲಿ ಅದು ಕೂರುವುದೇ ಇಲ್ಲ. ಬಿಟ್ಟುಬಿಟ್ಟೆ.

ಸುಝೌ ಅಂಕಿಗಳು ಕಡ್ಡಿಯಿಂದಲೇ ಹುಟ್ಟಿದ ವ್ಯಾಪಾರಿಗಳ ಬರವಣಿಗೆ. ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಪದ್ಧತಿಯಾದ ಯುಟಿಎಫ್-8ರಲ್ಲಿ ಅಂಕಿಗೆ 3 ಬೈಟ್ ಸಾಕು, ನನ್ನ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಚೆನ್ನಾಗಿ ಕಂಡವು. ಆದರೆ 4 ಇಲ್ಲಿ ಗುಣಿಸು ಚಿಹ್ನೆಯ ಹಾಗಿದೆ, ನಾಲ್ಕು ಕಡ್ಡಿಯ ಗುರುತೇ ಇಲ್ಲ. ಬೆಲೆಚೀಟಿಯ ಬಗ್ಗೆ ಬರೆಯುವಾಗ ಇದು ಸರಿ. ಕಡ್ಡಿ ಲೆಕ್ಕ ತೋರಿಸಲು ಇದನ್ನು ಬಳಸಿದರೆ ಓದುಗರಿಗೆ ತಪ್ಪು ಚಿತ್ರ ಕೊಟ್ಟ ಹಾಗೆ.

ಉಳಿದದ್ದು ಯೂನಿಕೋಡ್, ಅಂದರೆ ಕಂಪ್ಯೂಟರಿನಲ್ಲಿ ಬಳಸುವ ಅಕ್ಷರ, ಚಿಹ್ನೆಗಳ ಪಟ್ಟಿ; ಅದರ 5.0 ಆವೃತ್ತಿಗೆ 2006ರಲ್ಲಿ ಸೇರಿದ ಕಡ್ಡಿ ಅಂಕಿಗಳು. ನನ್ನ ಆಯ್ಕೆ ಇದೇ. ಅಡ್ಡ ಒಂದು, ನೆಟ್ಟ ಎರಡು, ಅಡ್ಡ ನಾಲ್ಕು, ನೆಟ್ಟ ಏಳು: ಲೆಕ್ಕದ ಹಲಗೆಯ ಮೇಲೆ ಕಡ್ಡಿ ಇಟ್ಟ ಹಾಗೇ ಬಂತು. ಕಾಪಿ ಮಾಡಬಹುದು, ಹುಡುಕಬಹುದು. ಒಂದು ತೊಡಕಿದೆ, ಅದನ್ನು ತಿಳಿದೇ ಬಳಸಬೇಕು. ಯೂನಿಕೋಡ್ ಅಡ್ಡ ಕಡ್ಡಿಗೆ ‘ಬಿಡಿ’ ಅಂತ, ನೆಟ್ಟ ಕಡ್ಡಿಗೆ ‘ಹತ್ತು’ ಅಂತ ಹೆಸರಿಟ್ಟಿದೆ. ಹಳೇ ಪದ್ಧತಿಗೆ ಪೂರ್ತಿ ತಿರುವುಮುರುವು. ಹೀಗಾಗಿ ನನ್ನ 1247ರ ಕೊನೆಯ 7ರ ಬೆಲೆ ಕೇಳಿದರೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆ 70 ಅನ್ನುತ್ತದೆ! ಹೆಸರು ನೋಡಬೇಡಿ, ಆಕಾರ ನೋಡಿ ಆರಿಸಿ. ಅಂಕಿಗಳ ಬೆಲೆಯನ್ನು ಪ್ರೋಗ್ರಾಮಿನಲ್ಲಿ ಲೆಕ್ಕ ಹಾಕುವುದಿದ್ದರೆ ಯಾವ ಆಕಾರಕ್ಕೆ ಯಾವ ಬೆಲೆ ಅನ್ನುವ ನಿಮ್ಮದೇ ಪಟ್ಟಿ ಇಟ್ಟುಕೊಳ್ಳಿ.

ಸೊನ್ನೆ ಈ ಗುಂಪಿನಲ್ಲಿಲ್ಲ. ಚೀನೀ ಲಿಪಿಯ ದುಂಡನೆಯ ಸೊನ್ನೆ ತಂದು ಹಾಕಬೇಕು. ಚಿನ್ ಕೂಡ ಸೊನ್ನೆಗೆ ದುಂಡು ಚಿಹ್ನೆಯನ್ನೇ ಬಳಸಿದ್ದ, ಹಾಗಾಗಿ ಇದು ಒಪ್ಪುತ್ತದೆ. ಪ್ರತಿ ಕಡ್ಡಿ ಅಂಕಿಗೂ ಯುಟಿಎಫ್-8ರಲ್ಲಿ 4 ಬೈಟ್ ಬೇಕು, 3 ಬೈಟಿಗೇ ನಿಲ್ಲುವ ಹಳೇ ಡೇಟಾಬೇಸಿನಲ್ಲಿ ಉಳಿಯುವುದಿಲ್ಲ. ಫಾಂಟ್ ಇಲ್ಲದ ಕಡೆ ಬರೀ ಚೌಕ ಕಾಣುತ್ತದೆ. ಹಾಗಾಗಿ ಫಾಂಟನ್ನೂ ಜೊತೆಗೇ ಕಳಿಸಿ, ಪಕ್ಕದಲ್ಲಿ ಮಾಮೂಲಿ ಅಂಕಿಯಲ್ಲೂ 1247 ಅಂತ ಬರೆದಿಡಿ.